ಚಳಿಗೆ ಸೋಲದ ಕಿಡಿ: ರಾಬರ್ಟ್ ಬಾಷ್ ಅವರ ಜೀವನ

ಜನವರಿ ತಿಂಗಳಲ್ಲಿ ನಮ್ಮ ಚಿಕ್ಕರಸಿನಕೆರೆ ಸುತ್ತಮುತ್ತ ಬೆಳಗಿನ ಜಾವ ಹೇಗಿರುತ್ತದೆ ಎಂದು ನಿಮಗೆಲ್ಲ ಗೊತ್ತು. ಕಬ್ಬಿನ ಗದ್ದೆಯ ಮೇಲೆ, ನಾಲೆಯ ಏರಿಯ ಮೇಲೆ ಮಂಜು ಕುಳಿತಿರುತ್ತದೆ. ಫಜ್ರ್ ನಮಾಜ್ ಮುಗಿಸಿ ಬರುವವರು ಶಾಲು ಹೊದ್ದಿರುತ್ತಾರೆ. ಡೈರಿಗೆ ಹಾಲು ಹಾಕಲು ಹೊರಟವರು ಕ್ಯಾನನ್ನು ಗಾಡಿಗೆ ಕಟ್ಟಿ ಕಿಕ್ಕರ್ ಒದೆಯುತ್ತಿರುತ್ತಾರೆ. ಒಂದು ಒದೆ, ಎರಡು ಒದೆ, ಹತ್ತು ಒದೆ. ಗಾಡಿ ಕೆಮ್ಮುತ್ತದೆ, ಹೊತ್ತಿಕೊಳ್ಳುವುದಿಲ್ಲ.

ಕಳೆದ ವರ್ಷ ಪೂರ್ವಸಿದ್ಧತಾ ಪರೀಕ್ಷೆಯ ದಿನ ನಮ್ಮ ಮನೆಯಲ್ಲೂ ಇದೇ ಆಯಿತು. ನನ್ನನ್ನು ಕಾಲೇಜಿಗೆ ಬಿಡಬೇಕಾಗಿದ್ದ ತಂದೆಯವರ ಹಳೆಯ ಬೈಕು ಏನು ಮಾಡಿದರೂ ಶುರುವಾಗಲಿಲ್ಲ. ಅದನ್ನು ತಳ್ಳಿಕೊಂಡು ಮೆಕ್ಯಾನಿಕ್ ಅಂಗಡಿಯವರೆಗೆ ಹೋದೆವು. ಅವರು ಬೇರೇನನ್ನೂ ಮುಟ್ಟದೆ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಅದು ಮಸಿ ಹಿಡಿದು, ಪೆಟ್ರೋಲಿನಲ್ಲಿ ನೆಂದಿತ್ತು. ಉಜ್ಜಿ, ಒರೆಸಿ, ಒಣಗಿಸಿ ಮತ್ತೆ ಹಾಕಿದರು. ಎರಡನೇ ಕಿಕ್ಕಿಗೆ ಗಾಡಿ ಶುರುವಾಯಿತು. ನಾನು ಪರೀಕ್ಷೆಗೆ ಇಪ್ಪತ್ತು ನಿಮಿಷ ತಡವಾಗಿ ಕುಳಿತೆ. ತಪ್ಪು ಯಾರದೂ ಅಲ್ಲ, ನಮ್ಮದೇ. ಆ ಪ್ಲಗ್ಗನ್ನು ನಾವು ಎರಡು ವರ್ಷ ಕಣ್ಣೆತ್ತಿ ನೋಡಿರಲಿಲ್ಲ.

ಆ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಬಾಷ್ ಎಂಬ ಹೆಸರಿತ್ತು. ಹಿಂದೆ ಇದನ್ನೇ ಮೈಕೋ ಪ್ಲಗ್ ಎನ್ನುತ್ತಿದ್ದೆವು ಎಂದು ತಂದೆಯವರು ಹೇಳಿದರು. ಬಾಷ್ ಎನ್ನುವುದು ಒಬ್ಬ ಮನುಷ್ಯನ ಹೆಸರು ಎಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಭೌತಶಾಸ್ತ್ರ ಉಪನ್ಯಾಸಕರನ್ನು ಕೇಳಿ, ಪುಸ್ತಕಗಳನ್ನು ಹುಡುಕಿ ತಿಳಿದುಕೊಂಡ ಅವರ ಬದುಕನ್ನು ಇಲ್ಲಿ ಬರೆದಿದ್ದೇನೆ.

ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು

ರಾಬರ್ಟ್ ಬಾಷ್ 1861ರ ಸೆಪ್ಟೆಂಬರ್ 23ರಂದು ದಕ್ಷಿಣ ಜರ್ಮನಿಯ ಉಲ್ಮ್ ಪಟ್ಟಣದ ಹತ್ತಿರವಿರುವ ಆಲ್ಬೆಕ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅದು ಬೇಸಾಯದ ಮನೆ. ತಂದೆ ಸೆರ್ವಾಟಿಯಸ್ ಬಾಷ್ ಜಮೀನಿನ ಜೊತೆಗೆ ದಾರಿಹೋಕರು ತಂಗುವ ಛತ್ರದಂಥ ವಸತಿಗೃಹವನ್ನೂ ನಡೆಸುತ್ತಿದ್ದರು. ಹನ್ನೆರಡು ಮಕ್ಕಳಲ್ಲಿ ರಾಬರ್ಟ್ ಹನ್ನೊಂದನೆಯವರು. ತಂದೆ ಓದುವ ಅಭ್ಯಾಸವಿದ್ದವರು, ಮಕ್ಕಳ ವಿದ್ಯೆಗೆ ಬೆಲೆ ಕೊಟ್ಟವರು.

1869ರಲ್ಲಿ ಕುಟುಂಬ ಉಲ್ಮ್‌ಗೆ ಬಂದು ನೆಲೆಸಿತು. ರಾಬರ್ಟ್ ಅಲ್ಲಿ ಶಾಲೆ ಮುಗಿಸಿದರು. ತರಗತಿಗೆ ಮೊದಲಿಗರಾಗಿ ಹೆಸರು ಮಾಡಿದ ವಿದ್ಯಾರ್ಥಿಯೇನೂ ಅವರಲ್ಲ. 1876ರಿಂದ 1879ರವರೆಗೆ ಮೂರು ವರ್ಷ ಉಲ್ಮ್‌ನಲ್ಲೇ ಸೂಕ್ಷ್ಮ ಯಂತ್ರಗಳ ಕೆಲಸ ಕಲಿಯಲು ಒಬ್ಬ ಗುರುವಿನ ಬಳಿ ಸೇರಿದರು. ಆ ಮೂರು ವರ್ಷ ಅವರಿಗೆ ತೃಪ್ತಿ ಕೊಡಲಿಲ್ಲ. ಗುರು ಹೇಳಿಕೊಡುತ್ತಿದ್ದುದು ಕಡಿಮೆ. ಮುಂದೆ ತಮ್ಮದೇ ಕಾರ್ಖಾನೆ ಕಟ್ಟಿದ ಮೇಲೆ ಹೊಸ ಹುಡುಗರಿಗೆ ಕೆಲಸ ಕಲಿಸುವ ವಿಷಯದಲ್ಲಿ ಅವರು ತುಂಬ ಕಟ್ಟುನಿಟ್ಟಾಗಿದ್ದರು. ತಮಗೆ ಸಿಗದಿದ್ದುದನ್ನು ಇನ್ನೊಬ್ಬರಿಗೆ ಸಿಗುವಂತೆ ಮಾಡಿದರು.

ಕಲಿಕೆ ಮುಗಿದ ಮೇಲೆ ಸುಮಾರು ಏಳು ವರ್ಷ ಅವರು ಊರಿಂದೂರಿಗೆ ತಿರುಗಿದರು. ಜರ್ಮನಿಯ ಹಲವು ಕಾರ್ಖಾನೆಗಳಲ್ಲಿ ದುಡಿದರು. ಕೆಲವು ತಿಂಗಳು ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಹೊರಗಿನ ವಿದ್ಯಾರ್ಥಿಯಾಗಿ ಪಾಠ ಕೇಳಿದರು. ಕೈಗೆ ಕೆಲಸ ಗೊತ್ತಿತ್ತು, ಆದರೆ ವೋಲ್ಟೇಜ್ ಎಂದರೇನು, ವಿದ್ಯುತ್ ಪ್ರವಾಹ ಎಂದರೇನು ಎಂಬ ತಳಪಾಯ ಅವರಿಗೆ ಬೇಕಾಗಿತ್ತು. 1884ರಲ್ಲಿ ಅಮೆರಿಕಕ್ಕೆ ಹೋಗಿ ಥಾಮಸ್ ಆಲ್ವಾ ಎಡಿಸನ್ ಅವರ ಕಂಪನಿಯಲ್ಲಿ ಕೆಲಸ ಮಾಡಿದರು. ಅಲ್ಲಿಂದ ಇಂಗ್ಲೆಂಡಿಗೆ ಬಂದು ಸೀಮೆನ್ಸ್ ಸಹೋದರರ ಕಾರ್ಖಾನೆಯಲ್ಲಿ ದುಡಿದರು. ಡಿಗ್ರಿ ಇಲ್ಲದ, ಆದರೆ ಕೈಯಲ್ಲಿ ಹತ್ತು ಕಾರ್ಖಾನೆಗಳ ಅನುಭವವಿದ್ದ ಯುವಕನಾಗಿ ಅವರು ಜರ್ಮನಿಗೆ ಮರಳಿದರು.

ಸ್ಟುಟ್‌ಗಾರ್ಟ್‌ನ ಸಣ್ಣ ಅಂಗಡಿ

1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್ ನಗರದ ಒಂದು ಹಿತ್ತಲ ಕಟ್ಟಡದಲ್ಲಿ ಬಾಷ್ ತಮ್ಮ ಕಾರ್ಯಾಗಾರ ತೆರೆದರು. ಆಗ ಅವರಿಗೆ 25 ವರ್ಷ. ಬಂಡವಾಳ ತಂದೆಯಿಂದ ಬಂದ 10,000 ಮಾರ್ಕ್. ಜೊತೆಗೆ ಒಬ್ಬ ಮೆಕ್ಯಾನಿಕ್, ಒಬ್ಬ ಕೈಯಾಳು ಹುಡುಗ. ಟೆಲಿಫೋನ್ ಜೋಡಿಸುವುದು, ವಿದ್ಯುತ್ ಗಂಟೆ ಹಾಕುವುದು, ಕೆಟ್ಟುಹೋದ ಉಪಕರಣ ರಿಪೇರಿ ಮಾಡುವುದು, ಹೀಗೆ ಬಂದ ಕೆಲಸವನ್ನೆಲ್ಲ ಮಾಡುತ್ತಿದ್ದರು. ನಮ್ಮ ಮದ್ದೂರಿನ ಅಥವಾ ಕೆ.ಎಂ. ದೊಡ್ಡಿಯ ಯಾವುದಾದರೂ ಎಲೆಕ್ಟ್ರಿಕಲ್ ಅಂಗಡಿಯನ್ನು ನೆನೆದುಕೊಳ್ಳಿ, ಅದೂ ಹೆಚ್ಚುಕಡಿಮೆ ಹಾಗೆಯೇ ಇತ್ತು.

1887ರಲ್ಲಿ ಒಬ್ಬ ಗಿರಾಕಿ ಬಂದು ತನ್ನ ಪೆಟ್ರೋಲ್ ಎಂಜಿನಿಗೆ ಒಂದು ಮ್ಯಾಗ್ನೆಟೋ ಮಾಡಿಕೊಡಬೇಕೆಂದು ಕೇಳಿದ. ಅಂಥದ್ದನ್ನು ಆಗಲೇ ಡಾಯ್ಟ್ಸ್ ಎಂಬ ಕಂಪನಿ ತನ್ನ ಎಂಜಿನ್‌ಗಳಿಗೆ ಹಾಕುತ್ತಿತ್ತು. ಬಾಷ್ ಹತ್ತಿರದ ಶೋರ್ನ್‌ಡಾರ್ಫ್ ಎಂಬ ಊರಿಗೆ ಹೋಗಿ ಅದನ್ನು ಕಣ್ಣಾರೆ ನೋಡಿಬಂದರು. ಅದರ ಮೇಲೆ ಪೇಟೆಂಟ್ ಹಕ್ಕು ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ತಾವೂ ಒಂದನ್ನು ಮಾಡಿದರು, ನೋಡಿದ್ದಕ್ಕಿಂತ ಚೆನ್ನಾಗಿ ಮಾಡಿದರು. ಮ್ಯಾಗ್ನೆಟೋ ಬಾಷ್ ಅವರ ಕಲ್ಪನೆಯಲ್ಲ. ಅದನ್ನು ನಂಬಿಕೆಗೆ ಅರ್ಹವಾಗಿ ಮಾಡಿದ್ದು ಅವರ ಸಾಧನೆ.

ಮ್ಯಾಗ್ನೆಟೋ ಎಂದರೇನು? ದ್ವಿತೀಯ ಪಿಯುಸಿಯ ವಿಜ್ಞಾನ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಫ್ಯಾರಡೆಯವರ ವಿದ್ಯುತ್ಕಾಂತೀಯ ಪ್ರೇರಣೆಯ ನಿಯಮವನ್ನು ನಾವು ಓದಿದ್ದೇವೆ. ತಂತಿಯ ಸುರುಳಿಯ ಮೂಲಕ ಹಾಯುವ ಕಾಂತೀಯ ಅಭಿವಾಹ ಬದಲಾದರೆ ಆ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಬದಲಾವಣೆ ಎಷ್ಟು ವೇಗವೋ ವೋಲ್ಟೇಜ್ ಅಷ್ಟು ಹೆಚ್ಚು. ಮ್ಯಾಗ್ನೆಟೋದಲ್ಲಿ ಶಾಶ್ವತ ಆಯಸ್ಕಾಂತ ಮತ್ತು ಸುರುಳಿ ಇರುತ್ತವೆ. ಎಂಜಿನ್ ತಿರುಗಿದರೆ ಅವುಗಳಲ್ಲೊಂದು ತಿರುಗುತ್ತದೆ, ವಿದ್ಯುತ್ ಹುಟ್ಟುತ್ತದೆ, ಕಿಡಿ ಹಾರುತ್ತದೆ. ಇದಕ್ಕೆ ಬ್ಯಾಟರಿ ಬೇಡ.

ಬ್ಯಾಟರಿ ಬೇಡ ಎಂಬ ಮಾತಿಗೆ ಚಳಿಯಲ್ಲಿ ಬಹಳ ಬೆಲೆಯಿದೆ. ಬ್ಯಾಟರಿ ಕೆಲಸ ಮಾಡುವುದು ರಾಸಾಯನಿಕ ಕ್ರಿಯೆಯಿಂದ. ತಾಪ ಇಳಿದಂತೆ ಆ ಕ್ರಿಯೆ ನಿಧಾನವಾಗುತ್ತದೆ, ಬ್ಯಾಟರಿ ಕೊಡುವ ಶಕ್ತಿ ಕುಗ್ಗುತ್ತದೆ. ನಮ್ಮಲ್ಲಿ ಚಳಿಗಾಲದ ಬೆಳಗ್ಗೆ ತಾಪ 15 ಡಿಗ್ರಿಯ ಆಸುಪಾಸಿಗೆ ಇಳಿದರೇ ಹಳೆಯ ಬ್ಯಾಟರಿ ತಿಣುಕುತ್ತದೆ. ಸ್ಟುಟ್‌ಗಾರ್ಟ್‌ನಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಅಂಥ ಕಡೆ, ಆ ಕಾಲದ ಭಾರವಾದ, ಸೋರುವ ಬ್ಯಾಟರಿಗಳನ್ನು ನಂಬಿ ಎಂಜಿನ್ ಶುರುಮಾಡುವುದು ಎಷ್ಟು ಕಷ್ಟವಿದ್ದಿರಬೇಕು ಎಂದು ಊಹಿಸಬಹುದು. ಮ್ಯಾಗ್ನೆಟೋ ಇದ್ದರೆ ಒದೆಯುವವನ ಕಾಲಿನ ಬಲವೇ ಕಿಡಿಯಾಗುತ್ತದೆ.

ಕಷ್ಟದ ವರ್ಷಗಳು

ಒಂದು ಮ್ಯಾಗ್ನೆಟೋ ಮಾಡಿದ ಕೂಡಲೇ ಬಾಷ್ ಶ್ರೀಮಂತರಾಗಲಿಲ್ಲ. 1887ರಲ್ಲಿ ಅನ್ನಾ ಕೈಸರ್ ಅವರನ್ನು ಮದುವೆಯಾದರು, ಮಕ್ಕಳಾದರು, ಖರ್ಚು ಬೆಳೆಯಿತು. 1890ರ ದಶಕದ ಮೊದಲ ವರ್ಷಗಳಲ್ಲಿ ಕೆಲಸ ಕಡಿಮೆಯಾಗಿ, ಇದ್ದ ಕೆಲಸಗಾರರಲ್ಲಿ ಹೆಚ್ಚಿನವರನ್ನು ಬಿಡಬೇಕಾಯಿತು. ತಾಯಿಯ ನೆರವು, ಸಾಲ, ಹೀಗೆ ದಿನ ದೂಡಿದರು. ಅಂಥ ದಿನಗಳಲ್ಲೂ ಸರಿಯಿಲ್ಲದ ಕೆಲಸವನ್ನು ಗಿರಾಕಿಗೆ ಕೊಡುತ್ತಿರಲಿಲ್ಲ. ತಮ್ಮ ಅಂಗಡಿಯಿಂದ ಹೋದ ವಸ್ತು ಕೈಕೊಟ್ಟಿತು ಎಂದು ಯಾರಾದರೂ ಹೇಳುವುದನ್ನು ಅವರಿಂದ ತಾಳಿಕೊಳ್ಳಲಾಗುತ್ತಿರಲಿಲ್ಲ.

ಆ ಕಾಲದಲ್ಲಿ ಗಿರಾಕಿಗಳ ಮನೆಗೆ ಹೋಗಿ ಕೆಲಸ ನೋಡಿಬರಲು ಅವರು ಬಳಸುತ್ತಿದ್ದುದು ಸೈಕಲ್. ಆಗಿನ ಸ್ಟುಟ್‌ಗಾರ್ಟ್‌ನಲ್ಲಿ ಸೈಕಲ್ ಏರಿದ ಯಜಮಾನ ಎಂದರೆ ಜನ ತಿರುಗಿ ನೋಡುತ್ತಿದ್ದ ಕಾಲ. ಎರಡು ಚಕ್ರದ ಮೇಲೆ ಓಡಾಡಿ ಅಂಗಡಿ ನಡೆಸಿದ ಆ ಮನುಷ್ಯನ ಹೆಸರು ಮುಂದೆ ಲೋಕದ ಲಕ್ಷಾಂತರ ಮೋಟಾರ್ ಸೈಕಲ್‌ಗಳ ಮೇಲೆ ಬಂತು.

ಅದಕ್ಕೆ ದಾರಿ ತೆರೆದದ್ದು 1897. ಇಂಗ್ಲೆಂಡಿನಲ್ಲಿ ಮೋಟಾರು ವ್ಯವಹಾರ ಮಾಡುತ್ತಿದ್ದ ಫ್ರೆಡರಿಕ್ ಸಿಮ್ಸ್ ಒಂದು ಫ್ರೆಂಚ್ ಗಾಡಿಯನ್ನು ಬಾಷ್ ಅವರ ಬಳಿ ತಂದರು. ಅದು ಡಿ ಡಿಯೋನ್ ಬುತೋ ಕಂಪನಿಯ ಮೂರು ಚಕ್ರದ ಮೋಟಾರು ಗಾಡಿ. ಸೈಕಲ್ಲಿನಂತೆ ಪೆಡಲ್ಲೂ ಇತ್ತು, ಎಂಜಿನ್ನೂ ಇತ್ತು. ಇಂದಿನ ಮೋಟಾರ್ ಸೈಕಲ್ಲಿನ ಹತ್ತಿರದ ಹಿರಿಯ ನೆಂಟ ಅದು. ಅಲ್ಲಿಯವರೆಗೆ ಬಾಷ್ ಮಾಡುತ್ತಿದ್ದ ಮ್ಯಾಗ್ನೆಟೋಗಳು ಒಂದೆಡೆ ನಿಂತು ಮೆಲ್ಲಗೆ ತಿರುಗುವ ಎಂಜಿನ್‌ಗಳಿಗಾಗಿ ಇದ್ದವು. ಈ ಗಾಡಿಯ ಎಂಜಿನ್ ನಿಮಿಷಕ್ಕೆ 1,800 ಸುತ್ತು ತಿರುಗುತ್ತಿತ್ತು. ಭಾರವಾದ ಸುರುಳಿ ಆ ವೇಗಕ್ಕೆ ಅಲ್ಲಾಡಲಾರದು.

ಬಾಷ್ ಅವರ ಬಳಿ ಕೆಲಸದ ಮುಖ್ಯಸ್ಥರಾಗಿದ್ದ ಆರ್ನಾಲ್ಡ್ ಸೆಹ್ರಿಂಗರ್ ಇದಕ್ಕೆ ಉಪಾಯ ಕಂಡುಹಿಡಿದರು. ಭಾರದ ಸುರುಳಿಯನ್ನು ಅಲ್ಲಾಡದಂತೆ ನಿಲ್ಲಿಸಿ, ಸುರುಳಿಗೂ ಆಯಸ್ಕಾಂತಕ್ಕೂ ನಡುವೆ ಹಗುರವಾದ ಲೋಹದ ಕವಚವೊಂದನ್ನು ಮಾತ್ರ ಆಡಿಸಿದರು. ಅಭಿವಾಹ ಬದಲಾಗಲು ಅಷ್ಟೇ ಸಾಕಾಯಿತು. ಓಡುವ ಗಾಡಿಗೂ ಮ್ಯಾಗ್ನೆಟೋ ಹಾಕಬಹುದು ಎಂಬುದು ಅಂದು ಸಿದ್ಧವಾಯಿತು.

ಪ್ಲಗ್ ಬಂದದ್ದು

ಆದರೂ ಒಂದು ತೊಂದರೆ ಉಳಿದಿತ್ತು. ಆ ಮ್ಯಾಗ್ನೆಟೋದ ವೋಲ್ಟೇಜ್ ಕಡಿಮೆ. ಸಿಲಿಂಡರಿನ ಒಳಗೆ ಎರಡು ಲೋಹದ ತುದಿಗಳು ಕೂಡಿ ಬಿಡುವಂತೆ ಸನ್ನೆಗೋಲುಗಳನ್ನು ಜೋಡಿಸಿ ಕಿಡಿ ಹಾರಿಸಬೇಕಾಗಿತ್ತು. ಅವು ಸವೆಯುತ್ತಿದ್ದವು, ಸಿಕ್ಕಿಕೊಳ್ಳುತ್ತಿದ್ದವು.

ಬಾಷ್ ಈ ಕೆಲಸವನ್ನು ಗಾಟ್ಲಾಬ್ ಹೊನಾಲ್ಡ್ ಎಂಬ ಯುವ ಎಂಜಿನಿಯರ್‌ಗೆ ಒಪ್ಪಿಸಿದರು. ಹೊನಾಲ್ಡ್ ಹುಡುಗನಾಗಿದ್ದಾಗ ಇದೇ ಕಾರ್ಯಾಗಾರದಲ್ಲಿ ಕೆಲಸ ಕಲಿತವರು. 1901ರ ಡಿಸೆಂಬರಿನಲ್ಲಿ ಅವರು ಹೆಚ್ಚಿನ ವೋಲ್ಟೇಜಿನ ಮ್ಯಾಗ್ನೆಟೋ ಮಾಡಿ ತೋರಿಸಿದರು. ಒಂದೇ ತಿರುಳಿನ ಮೇಲೆ ಎರಡು ಸುರುಳಿ. ಒಂದರಲ್ಲಿ ದಪ್ಪ ತಂತಿಯ ಕೆಲವೇ ಸುತ್ತು, ಇನ್ನೊಂದರಲ್ಲಿ ಕೂದಲಿನಂಥ ತಂತಿಯ ಸಾವಿರಾರು ಸುತ್ತು. ಮೊದಲ ಸುರುಳಿಯ ಪ್ರವಾಹ ಥಟ್ಟನೆ ಕಡಿದಾಗ ಎರಡನೆಯದರಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಅದನ್ನು ಒಂದು ತಂತಿಯಲ್ಲಿ ಪ್ಲಗ್ಗಿಗೆ ತಂದರೆ ತುದಿಯ ಸಣ್ಣ ಸಂದಿನಲ್ಲಿ ಕಿಡಿ ತಾನಾಗಿ ಜಿಗಿಯುತ್ತದೆ. ಒಳಗೆ ಅಲ್ಲಾಡುವ ಭಾಗವೇ ಇಲ್ಲ. ಸ್ಪಾರ್ಕ್ ಪ್ಲಗ್ ಬಾಷ್ ಅವರಿಗಿಂತ ಮೊದಲೇ ಇತ್ತು. ಆದರೆ ಎಂಜಿನಿನ ಬಿಸಿಯನ್ನು ತಡೆಯುವ ಪಿಂಗಾಣಿ, ಬೇಗ ಸವೆಯದ ಲೋಹ, ಹೊಂದಿಕೆಯಾಗುವ ಮ್ಯಾಗ್ನೆಟೋ, ಇವು ಒಟ್ಟಾಗಿ ಬಂದದ್ದು ಇಲ್ಲಿ. 1902ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು, ಮಾರಾಟವೂ ಶುರುವಾಯಿತು. ಕಂಪನಿಯ ಹೆಸರು ಬಾಷ್ ಅವರದಾದರೂ ಈ ಕೆಲಸ ಮಾಡಿದ ತಲೆ ಹೊನಾಲ್ಡ್ ಅವರದು.

1903ರಲ್ಲಿ ಐರ್ಲೆಂಡಿನಲ್ಲಿ ನಡೆದ ಗಾರ್ಡನ್ ಬೆನೆಟ್ ಕಾರು ಪಂದ್ಯದಲ್ಲಿ ಬಾಷ್ ಮ್ಯಾಗ್ನೆಟೋ ಇದ್ದ ಮರ್ಸಿಡಿಸ್ ಗೆದ್ದಿತು. 1906ರಲ್ಲಿ ಕಾರ್ಖಾನೆ ಒಂದು ಲಕ್ಷದ ಮ್ಯಾಗ್ನೆಟೋವನ್ನು ಮಾಡಿ ಮುಗಿಸಿತು. ಮೊದಲನೇ ಮಹಾಯುದ್ಧದ ಹೊತ್ತಿಗೆ ಕಂಪನಿಯ ಸರಕಿನ ಬಹುಪಾಲು ಜರ್ಮನಿಯ ಹೊರಗೇ ಮಾರಾಟವಾಗುತ್ತಿತ್ತು. ಆಮೇಲೆ ಕಂಪನಿ 1913ರಲ್ಲಿ ವಾಹನದ ದೀಪದ ವ್ಯವಸ್ಥೆಯನ್ನೂ, 1914ರಲ್ಲಿ ವಿದ್ಯುತ್ ಸ್ಟಾರ್ಟರ್ ಅನ್ನೂ, 1921ರಲ್ಲಿ ಹಾರ್ನ್ ಅನ್ನೂ, 1927ರಲ್ಲಿ ಡೀಸೆಲ್ ಪಂಪನ್ನೂ ಹೊರತಂದಿತು.

ಎಂಟು ಗಂಟೆಯ ದಿನ

ಒಂದು ಲಕ್ಷ ಮ್ಯಾಗ್ನೆಟೋ ಮುಗಿದ ಆ 1906ರಲ್ಲೇ ಬಾಷ್ ತಮ್ಮ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆಯ ಕೆಲಸವನ್ನು ಜಾರಿಗೆ ತಂದರು. ಜರ್ಮನಿಯ ಹೆಚ್ಚಿನ ಕಾರ್ಖಾನೆಗಳಲ್ಲಿ ಆಗ ಹತ್ತು ಗಂಟೆ ದುಡಿಯಬೇಕಾಗಿತ್ತು. ಇದು ಬರೀ ಕರುಣೆಯಲ್ಲ, ಲೆಕ್ಕವೂ ಹೌದು. ದಣಿದ ಕೈಯಿಂದ ಕೂದಲೆಳೆಯ ತಂತಿ ಸುತ್ತುವ ಕೆಲಸ ಚೆನ್ನಾಗಿ ಆಗುವುದಿಲ್ಲ ಎಂದು ಕೈಕೆಲಸ ಕಲಿತಿದ್ದ ಅವರಿಗೆ ಗೊತ್ತಿತ್ತು. ಹಾಗೆಂದು ಎಲ್ಲವೂ ಸುಗಮವಾಗಿರಲಿಲ್ಲ. 1913ರಲ್ಲಿ ಅವರದೇ ಕಾರ್ಖಾನೆಯಲ್ಲಿ ದೊಡ್ಡ ಮುಷ್ಕರ ನಡೆಯಿತು, ಅದು ಅವರ ಮನಸ್ಸಿಗೆ ನೋವು ತಂದಿತು.

1910ರಲ್ಲಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ವಿದ್ಯಾಲಯಕ್ಕೆ ಹತ್ತು ಲಕ್ಷ ಮಾರ್ಕ್ ದಾನ ಮಾಡಿದರು. ತಾವು ಹೊರಗಿನ ವಿದ್ಯಾರ್ಥಿಯಾಗಿ ಕುಳಿತು ಕಲಿತ ಅದೇ ವಿದ್ಯಾಲಯ. 1914ರಲ್ಲಿ ಯುದ್ಧ ಶುರುವಾದಾಗ ಕಾರ್ಖಾನೆಯ ಒಂದು ಭಾಗವನ್ನು ಗಾಯಾಳುಗಳ ಆಸ್ಪತ್ರೆ ಮಾಡಿದರು. ಯುದ್ಧದ ಗುತ್ತಿಗೆಯಿಂದ ಬಂದ ಲಾಭವನ್ನು ಇಟ್ಟುಕೊಳ್ಳಲು ಅವರ ಮನಸ್ಸು ಒಪ್ಪಲಿಲ್ಲ, ಒಂದು ಕೋಟಿಗೂ ಹೆಚ್ಚು ಮಾರ್ಕ್ ಲೋಕೋಪಯೋಗಕ್ಕೆ ಕೊಟ್ಟರು. ಯುದ್ಧದಲ್ಲಿ ಅಮೆರಿಕದ ತಮ್ಮ ಕಂಪನಿಯನ್ನು ಕಳೆದುಕೊಂಡರು. 1921ರಲ್ಲಿ ಕಂಪನಿಯನ್ನು ಮುಂದೆ ನೋಡಿಕೊಳ್ಳಬೇಕಾಗಿದ್ದ ಮಗ ಬಹುಕಾಲದ ಕಾಯಿಲೆಯಿಂದ ತೀರಿಕೊಂಡ. 1940ರಲ್ಲಿ ಅವರ ಹೆಸರಿನ ಆಸ್ಪತ್ರೆ ಸ್ಟುಟ್‌ಗಾರ್ಟ್‌ನಲ್ಲಿ ತೆರೆಯಿತು.

ಅವರ ಬದುಕಿನ ಕೊನೆಯ ಭಾಗವನ್ನು ಮುಚ್ಚಿಟ್ಟು ಬರೆದರೆ ಸತ್ಯ ಹೇಳಿದಂತಾಗದು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಫ್ರಾನ್ಸ್ ಜೊತೆ ಶಾಂತಿ ಬೇಕೆಂದು ಬಯಸಿದ್ದ ಬಾಷ್ ಅವರಿಗೆ ಆ ಆಡಳಿತ ಒಪ್ಪಿಗೆಯಾಗಿರಲಿಲ್ಲ. ಅವರೂ ಅವರ ಹತ್ತಿರದವರೂ ಯಹೂದಿಗಳಿಗೆ ಗುಟ್ಟಾಗಿ ಹಣ ಒದಗಿಸಿ ದೇಶ ಬಿಟ್ಟು ಹೋಗಲು ನೆರವಾದರು. ಹಿಟ್ಲರನ ವಿರೋಧಿಯಾಗಿದ್ದ ಕಾರ್ಲ್ ಗೋರ್ಡೆಲರ್ ಅವರಿಗೆ ಕಂಪನಿಯಲ್ಲಿ ಸಲಹೆಗಾರನ ಕೆಲಸ ಕೊಟ್ಟರು. ಗೋರ್ಡೆಲರ್ ಅವರನ್ನು 1945ರಲ್ಲಿ ಗಲ್ಲಿಗೇರಿಸಲಾಯಿತು. ಆದರೆ ಅದೇ ಕಂಪನಿ ಹಿಟ್ಲರನ ಸೈನ್ಯಕ್ಕೆ ಸರಕನ್ನೂ ಮಾಡಿಕೊಟ್ಟಿತು. ಯುದ್ಧದ ವರ್ಷಗಳಲ್ಲಿ ಬಲವಂತವಾಗಿ ಎಳೆತಂದ ಸಾವಿರಾರು ಜನ ಅದರ ಕಾರ್ಖಾನೆಗಳಲ್ಲಿ ದುಡಿಯಬೇಕಾಯಿತು. ಎಂಟು ಗಂಟೆಯ ದಿನ ತಂದವರ ಹೆಸರಿನ ಕಾರ್ಖಾನೆಯಲ್ಲೇ ಇದೂ ನಡೆಯಿತು. ಎರಡನ್ನೂ ನೆನಪಿಟ್ಟುಕೊಳ್ಳಬೇಕು.

1942ರ ಮಾರ್ಚ್ 12ರಂದು, 80ನೇ ವಯಸ್ಸಿನಲ್ಲಿ, ರಾಬರ್ಟ್ ಬಾಷ್ ತೀರಿಕೊಂಡರು. ಕಂಪನಿಯ ಲಾಭ ಲೋಕಹಿತದ ಕೆಲಸಕ್ಕೆ ಹೋಗಬೇಕೆಂಬುದು ಅವರ ಇಚ್ಛೆಯಾಗಿತ್ತು. ಇಂದು ಕಂಪನಿಯ ಬಹುಪಾಲು ಷೇರುಗಳು ಅವರ ಹೆಸರಿನ ಧರ್ಮದತ್ತಿ ಪ್ರತಿಷ್ಠಾನದ ಬಳಿ ಇವೆ.

ನಮ್ಮ ನಾಡಿಗೆ ಬಂದ ಕಿಡಿ

ಬಾಷ್ ತೀರಿಕೊಂಡ ಒಂಬತ್ತು ವರ್ಷಕ್ಕೆ, 1951ರಲ್ಲಿ, ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಅದನ್ನೇ ನಮ್ಮ ಹಿರಿಯರು ಮೈಕೋ ಎಂದು ಕರೆದರು. ಬೆಂಗಳೂರಿನ ಆಡುಗೋಡಿಯ ಅದರ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್‌ಗಳು, ಡೀಸೆಲ್ ಎಂಜಿನ್ನಿನ ಪಂಪುಗಳು ತಯಾರಾದವು. ಬೆಂಗಳೂರಿನ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರು ಇಂದಿಗೂ ಅದನ್ನು ನೆನಪಿಸುತ್ತದೆ. 2008ರಲ್ಲಿ ಮೈಕೋ ತನ್ನ ಹೆಸರನ್ನು ಬಾಷ್ ಲಿಮಿಟೆಡ್ ಎಂದು ಬದಲಿಸಿಕೊಂಡಿತು.

ಇತ್ತ ಮೈಸೂರಿನಲ್ಲಿ 1960ರಲ್ಲಿ ಐಡಿಯಲ್ ಜಾವಾ ಕಂಪನಿ ಸ್ಥಾಪನೆಯಾಯಿತು. ಯಾದವಗಿರಿಯ ಕಾರ್ಖಾನೆಯಲ್ಲಿ ಚೆಕ್ ದೇಶದ ಜಾವಾ ಮೋಟಾರ್ ಸೈಕಲ್‌ಗಳು, ಆಮೇಲೆ ಯೆಜ್ಡಿಗಳು ತಯಾರಾದವು. 1996ರಲ್ಲಿ ಅದು ಮುಚ್ಚಿತು. ಮಂಡ್ಯ ಸೀಮೆಯಲ್ಲಿ ಇವತ್ತಿಗೂ ಜಾವಾ ಇಟ್ಟುಕೊಂಡ ಹಿರಿಯರಿದ್ದಾರೆ. ಚಳಿಯಲ್ಲಿ ಅದನ್ನು ಶುರುಮಾಡುವ ಕ್ರಮವನ್ನು ಅವರು ಬಾಯಿಪಾಠದಂತೆ ಹೇಳುತ್ತಾರೆ. ಕಾರ್ಬುರೇಟರ್ ಮೇಲಿನ ಸಣ್ಣ ಗುಂಡಿಯನ್ನು ಪೆಟ್ರೋಲ್ ತುಳುಕುವವರೆಗೆ ಒತ್ತಬೇಕು. ಕೀಲಿ ಹಾಕದೆ ಒಂದೆರಡು ಸಲ ಒದೆಯಬೇಕು. ಆಮೇಲೆ ಕೀಲಿ ಹಾಕಿ ಒಮ್ಮೆ ಒದೆಯಬೇಕು. ಗೇರು ಬದಲಿಸುವ ಸನ್ನೆಯನ್ನೇ ಒಳಗೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುತ್ತಿತ್ತು. ಆದರೆ ಈ ಗಾಡಿಯ ಕಿಡಿ 6 ವೋಲ್ಟಿನ ಬ್ಯಾಟರಿಯನ್ನು ನಂಬಿತ್ತು. ಬ್ಯಾಟರಿ ಇಳಿದ ದಿನ ತಳ್ಳುವುದೊಂದೇ ದಾರಿ. 1980ರಲ್ಲಿ ಬಂದ ಟಿವಿಎಸ್ 50 ಮೊಪೆಡ್‌ನಲ್ಲಿ ಎಂಜಿನ್ನಿನ ಫ್ಲೈವೀಲ್ ಒಳಗೇ ಮ್ಯಾಗ್ನೆಟೋ ಇತ್ತು. ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ಬೆಳಗಿನ ಜಾವ ಓಡಾಡಲು ನಮ್ಮ ರೈತರು ಅಂಥ ಗಾಡಿಯನ್ನು ನೆಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣ.

ನಾವು ಮಾಡಬೇಕಾದದ್ದು

ಚಳಿಯಲ್ಲಿ ಗಾಡಿ ಹಟ ಮಾಡುವುದಕ್ಕೆ ಕಾರಣಗಳು ಮೂರು. ಪೆಟ್ರೋಲ್ ತಣ್ಣಗಿದ್ದಾಗ ಸರಿಯಾಗಿ ಆವಿಯಾಗುವುದಿಲ್ಲ. ಎಂಜಿನ್ ಆಯಿಲ್ ಮಂದವಾಗಿ ತಿರುಗುವಿಕೆಗೆ ಅಡ್ಡಿಯಾಗುತ್ತದೆ. ಬ್ಯಾಟರಿ ದುರ್ಬಲವಾಗುತ್ತದೆ. ಇಂಥ ಹೊತ್ತಿನಲ್ಲಿ ಕಿಡಿಯೂ ಸಣ್ಣದಾದರೆ ಗಾಡಿ ಹೊತ್ತಿಕೊಳ್ಳುವುದು ಹೇಗೆ?

ಆದ್ದರಿಂದ ಪ್ಲಗ್ಗಿನಿಂದಲೇ ಶುರುಮಾಡೋಣ. ಚಳಿಗಾಲ ಬರುವ ಮೊದಲೇ, ಎಂಜಿನ್ ತಣ್ಣಗಿದ್ದಾಗ ಅದನ್ನು ಬಿಚ್ಚಿ ನೋಡಿ. ತುದಿ ತಿಳಿ ಕಂದು ಬಣ್ಣದಲ್ಲಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆ ಜಿಡ್ಡಿದ್ದರೆ ಮೆಕ್ಯಾನಿಕ್‌ಗೆ ತೋರಿಸಬೇಕು. ತುದಿಯ ಸಂದು ಹೆಚ್ಚಿನ ಬೈಕುಗಳಲ್ಲಿ 0.6ರಿಂದ 0.8 ಮಿಲಿಮೀಟರ್ ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದದ್ದನ್ನೇ ನಂಬಿ. ಪ್ಲಗ್ಗಿನ ಮೇಲಿನ ರಬ್ಬರ್ ಟೋಪಿ ಒಣಗಿರಲಿ. ಮಂಜಿನ ತೇವ ಅಲ್ಲಿ ಸೇರಿದರೆ ಕಿಡಿ ಹೊರಗೇ ಸೋರಿಹೋಗುತ್ತದೆ.

ಚೋಕ್ ಇರುವ ಗಾಡಿಯಾದರೆ ಚೋಕ್ ಎಳೆದು, ಆಕ್ಸಿಲರೇಟರ್ ಮುಟ್ಟದೆ ಒದೆಯಿರಿ. ಶುರುವಾಗಿ ಒಂದು ನಿಮಿಷವಾದ ಮೇಲೆ ಚೋಕ್ ಬಿಡಿ, ಮರೆತರೆ ಪ್ಲಗ್ಗಿಗೆ ಮಸಿ ಕೂರುತ್ತದೆ. ಹಲವು ಸಲ ಒದ್ದು ಪೆಟ್ರೋಲ್ ವಾಸನೆ ಬರುತ್ತಿದ್ದರೆ ಚೋಕ್ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಕೆಲವು ಸಲ ಒದೆಯಿರಿ, ಹೆಚ್ಚಾದ ಪೆಟ್ರೋಲ್ ಹೊರಹೋಗುತ್ತದೆ. 2020ರಿಂದ ಬಂದ ಬಿಎಸ್ 6 ಬೈಕುಗಳಲ್ಲಿ ಹೆಚ್ಚಿನವಕ್ಕೆ ಚೋಕ್ ಇಲ್ಲ. ಕೀಲಿ ತಿರುಗಿಸಿ, ಪೆಟ್ರೋಲ್ ಪಂಪಿನ ಸಣ್ಣ ಸದ್ದು ನಿಲ್ಲುವವರೆಗೆ ಕಾದು, ಆಮೇಲೆ ಗುಂಡಿ ಒತ್ತಿ. ಐದು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬೇಡಿ, ನಡುವೆ ಬ್ಯಾಟರಿಗೆ ಉಸಿರಾಡಲು ಬಿಡಿ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಹುಡಿ ಕೂತಿದ್ದರೆ ಒರೆಸಿ, ಬಿಗಿಮಾಡಿ.

ಎರಡು ಎಚ್ಚರಿಕೆ. ಗಾಡಿ ಬಿಸಿಮಾಡಲು ಬೆಂಕಿಯನ್ನು ಹತ್ತಿರ ತರಲೇಬೇಡಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಅದು ಪ್ರಾಣ ತೆಗೆಯುತ್ತದೆ. ಮತ್ತು ಹದಿನೆಂಟು ತುಂಬದ ನಾವು ಗೇರಿರುವ ಬೈಕು ಓಡಿಸುವಂತಿಲ್ಲ, ಆದರೆ ಮನೆಯ ಗಾಡಿಯ ಪ್ಲಗ್ ಒರೆಸಲು ಲೈಸೆನ್ಸ್ ಬೇಕಿಲ್ಲ.

ಗೆಳೆಯರೇ, ರಾಬರ್ಟ್ ಬಾಷ್ ದೊಡ್ಡ ಪದವಿ ಪಡೆದವರಲ್ಲ. ಕಾರನ್ನಾಗಲಿ ಬೈಕನ್ನಾಗಲಿ ಕಂಡುಹಿಡಿದವರೂ ಅಲ್ಲ. ಇನ್ನೊಬ್ಬರು ಅರ್ಧ ಮಾಡಿಬಿಟ್ಟ ಒಂದು ಸಣ್ಣ ವಸ್ತುವನ್ನು ಎತ್ತಿಕೊಂಡು, ಅದು ಎಂಥ ಚಳಿಯಲ್ಲೂ ಕೈಕೊಡಬಾರದು ಎಂದು ಹದಿನೈದು ವರ್ಷ ಅದರ ಹಿಂದೆ ಬಿದ್ದರು. ನಡುವೆ ಸಾಲ ಬಂತು, ಕೆಲಸಗಾರರನ್ನು ಬಿಡಬೇಕಾಯಿತು, ಆದರೂ ಕೆಲಸದ ಗುಣಮಟ್ಟ ಇಳಿಸಲಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ಪಿಯುಸಿ ಆದ ಮೇಲೆ ಐಟಿಐಗೆ, ಡಿಪ್ಲೊಮಾಗೆ, ಅಣ್ಣನ ಗ್ಯಾರೇಜಿಗೆ ಹೋಗುತ್ತೇವೆ. ಅದನ್ನು ಸಣ್ಣ ದಾರಿ ಎಂದು ಯಾರೂ ಅಂದುಕೊಳ್ಳಬೇಕಾಗಿಲ್ಲ. ಬಾಷ್ ಹೊರಟದ್ದೂ ಅಲ್ಲಿಂದಲೇ.

ನಮ್ಮ ಮನೆಯ ಬೈಕಿನ ಪ್ಲಗ್ಗನ್ನು ಈಗ ನಾನೇ ತಿಂಗಳಿಗೊಮ್ಮೆ ಬಿಚ್ಚಿ ಒರೆಸುತ್ತೇನೆ. ಈ ಜನವರಿಯಲ್ಲಿ ಒಂದು ದಿನವೂ ತಳ್ಳಿಲ್ಲ. ವಾರ್ಷಿಕ ಪರೀಕ್ಷೆ ಹತ್ತಿರ ಬರುತ್ತಿದೆ. ನಿಮ್ಮ ಮನೆಯ ಗಾಡಿಯ ಪ್ಲಗ್ಗನ್ನು ಈ ಭಾನುವಾರವೇ ಒಮ್ಮೆ ಬಿಚ್ಚಿ ನೋಡಿ.